ನಮಸ್ಕಾರ ಹೇಳುವ ಕಾರು

“ನೋಡಿದ್ಯೇನವ್ವ? ನಮಸ್ಕಾರ ಏಳ್ತು!”

ಬಾಗಿಲ ಹಿಡಿಯ ಮೇಲಿದ್ದ ಕಡಲೆಕಾಳಿನಷ್ಟು ಗುಂಡಿಯಿಂದ ಬೆರಳು ತೆಗೆದು ಚಿಕ್ಕಬೈರಪ್ಪ ಎದೆಯುಬ್ಬಿಸಿ ನಿಂತರು. ಕಪ್ಪು ಕಾರು ಪೀಂ ಪೀಂ ಪೀಂ ಎಂದು ಕೂಗಿ ಸುಮ್ಮನಾಗಿತ್ತು.

“ದಿನಾ ಹಿಂಗೇ ಕೂಗುತ್ತಾ ಯಜಮಾನ್ರೆ?” ಎಂದಳು ರಾಧಾಮಣಿ.

“ಮನೆಗೆ ತಂದ ದಿನದಿಂದ. ನಾನು ಇಳಿದು ಗುಂಡಿ ಒತ್ತಿದ್ರೆ ಸಾಕು, ಮೂರು ಕಿತ ನಮಸ್ಕಾರ. ಅಷ್ಟು ವರ್ಸ ಟ್ರ್ಯಾಕ್ಟ್ರು ಓಡಿಸ್ದೆ ಕಣವ್ವ, ಒಂದಿನ ನನ್ನ ಮಾತಾಡಿಸ್ಲಿಲ್ಲ ಅದು.”

“ಬೇರೆಯೋರು ಒತ್ತಿದ್ರೂ ಕೂಗುತ್ತಾ?”

“ಬೇರೆಯೋರು ಯಾಕೆ ಒತ್ತಬೇಕು? ನನ್ನ ಗಾಡಿಗೆ ಇನ್ನೊಬ್ಬರು ಕೈ ಆಕಂಗಿಲ್ಲ.”

“ಕೀಲಿ ಮೇಲೂ ಬೀಗದ ಗುಂಡಿ ಒಂದಿದೆಯಲ್ಲ. ಅದನ್ನ ಒತ್ತಲ್ವಾ?”

“ಅದ್ರಾಗೆ ಪುಟಾಣಿ ಬ್ಯಾಟ್ರಿ ಐತಂತೆ. ಸುಮ್‌ಸುಮ್ನೆ ಒತ್ತಿ ಯಾಕೆ ಕರ್ಚು ಮಾಡ್ಲಿ? ಜೇಬಲ್ಲಿದ್ರೆ ಸಾಕು, ಗಾಡಿಗೆ ಗೊತ್ತಾಯ್ತದೆ.”

ರಾಧಾಮಣಿ ನಗು ತಡೆದುಕೊಂಡಳು. ಬೆಳಗಿನಿಂದ ಬಿಗಿದುಕೊಂಡಿದ್ದ ಯೋಚನೆ ಒಮ್ಮೆಗೇ ಸಡಿಲವಾಗಿತ್ತು. ಆದರೂ ಬಾಯಿ ಬಿಡಲಿಲ್ಲ. ಸ್ಟೇರಿಂಗ್ ಹಿಡಿದವರಿಗೆ ತಪ್ಪನ್ನು ಮೊದಲೇ ಹೇಳಬಾರದು, ಅವರ ಕಣ್ಣಿಗೇ ಬೀಳುವಂತೆ ಮಾಡಬೇಕು. ಬಾಗಲಗುಂಟೆಯಲ್ಲಿ ಹೆಂಗಸರಿಗೆ ಡ್ರೈವಿಂಗ್ ಕಲಿಸುವ ಅವಳ ಕಸುಬಿನ ಮೊದಲ ಪಾಠ ಅದು. ಪತ್ತೇದಾರಿಕೆಗೆ ಅವಳು ಇಳಿದದ್ದೂ ಡ್ರೈವರ್ ಪಕ್ಕದ ಆ ಸೀಟಿನಿಂದಲೇ. ಭಯಪಟ್ಟು ಗಾಡಿ ಓಡಿಸುವವರು ಪಕ್ಕದಲ್ಲಿ ಕೂತವರಿಗೆ ಮನೆಯ ಗುಟ್ಟೆಲ್ಲ ಹೇಳಿಬಿಡುತ್ತಾರೆ.

ಮೊನ್ನೆ ಮಧ್ಯಾಹ್ನ, ಗಂಡಿನ ಕಡೆಯವರು ಎಲೆ ಮುಂದೆ ಕೂತಿದ್ದಾಗ, ಅಬ್ಬಿಗೆರೆಯ ಈ ಮನೆಯ ಮುಂದಿನಿಂದ ಮಾಯವಾಗಿದ್ದ ಕಾರು ಇವತ್ತು ಬೆಳಿಗ್ಗೆ ನಾಗಸಂದ್ರ ಮೆಟ್ರೋ ನಿಲ್ದಾಣದ ಹತ್ತಿರ ಒಂದು ಗೀರೂ ಬೀಳದೆ ಸಿಕ್ಕಿತ್ತು.

ಕಾರು ಸಿಕ್ಕರೂ ಒಗಟು ಹಾಗೇ ಉಳಿಯಿತು. ಇಂಥ ಕಾರಿಗೆ ಕೀಲಿ ತೂರಿಸಿ ತಿರುಗಿಸುವ ಕೆಲಸವಿಲ್ಲ. ಬೆಂಕಿಪೊಟ್ಟಣದಷ್ಟಿರುವ ಕೀಲಿ ಜೇಬಿನಲ್ಲಿದ್ದು ಹತ್ತಿರ ಹೋದರೆ ಬಾಗಿಲು ತೆರೆಯುತ್ತದೆ. ಒಳಗೆ ಕೂತು ಬ್ರೇಕ್ ತುಳಿದು ಗುಂಡಿ ಒತ್ತಿದರೆ ಎಂಜಿನ್ ಏಳುತ್ತದೆ. ಆದರೆ ಕೀಲಿ ಇರಲೇಬೇಕು. ಇದ್ದ ಎರಡು ಕೀಲಿಗಳಲ್ಲಿ ಒಂದು ಮೊನ್ನೆ ಪೂರ್ತಿ ಚಿಕ್ಕಬೈರಪ್ಪನವರ ಜುಬ್ಬದ ಜೇಬಿನಲ್ಲಿತ್ತು. ಇನ್ನೊಂದನ್ನು ಅವರೇ ಕೈಯಾರೆ ಬೀರುವಿನಲ್ಲಿಟ್ಟು ಬೀಗ ಹಾಕಿದ್ದರು.

ಹಾಗಾದರೆ ಕಾರು ಓಡಿಸಿದವರು ಕೀಲಿಯಿಲ್ಲದೆ ಓಡಿಸಿರಬೇಕು. ಆ ವಿದ್ಯೆ ಬಲ್ಲವನು ಆ ಮಧ್ಯಾಹ್ನ ಆ ಮನೆಯಲ್ಲಿ ಒಬ್ಬನೇ ಇದ್ದ. ವೇಣುಗೋಪಾಲ್, ಮಗಳು ಚೈತ್ರ ಒಪ್ಪಿದ ಹುಡುಗ. ಯಶವಂತಪುರದಲ್ಲಿ ಕಾರಿನ ಕೀಲಿ ಮಾಡುವ ಅಂಗಡಿ ಇಟ್ಟವನು.

“ಬೀಗ ಬಿಚ್ಚೋನಿಗೆ ಎಣ್ಣು ಕೊಡ್ತೀಯಾ ಅಂತ ಊರೋರು ನಕ್ಕರೂ ನಾನು ಒಪ್ಕಂಡೆ,” ಎಂದರು ಚಿಕ್ಕಬೈರಪ್ಪ. “ಈಗ ನೋಡು. ಇವನು ತಗಂಡಿಲ್ಲ ಅಂತ ನೀನು ತೋರಿಸಿದ್ಯಾ, ನಾಳೆ ಒಪ್ಪಿಗೆ ಶಾಸ್ತ್ರ. ಇಲ್ದಿದ್ರೆ ಸಂಜೆಗೆ ಚಪ್ಪರ ಬಿಚ್ಚಿಸ್ತೀನಿ.”

ಚಪ್ಪರಕ್ಕೆ ಆ ಮಾತು ಕೇಳಿಸಿದಂತಿರಲಿಲ್ಲ. ಹಸಿರು ಗರಿ ಗಾಳಿಗೆ ಸುಯ್ಯೆನ್ನುತ್ತಿತ್ತು. ಹಿತ್ತಲಿನಿಂದ ಬೆಲ್ಲ, ಏಲಕ್ಕಿ, ಬೆಂದ ಬೇಳೆಯ ವಾಸನೆ ಬೀದಿಯ ತುದಿಯವರೆಗೂ ಹೋಗಿ ಜನರನ್ನು ಕರೆತರುತ್ತಿತ್ತು. ಶಾಸ್ತ್ರ ನಡೆಯುವುದೋ ಇಲ್ಲವೋ ಎಂದು ಕೇಳಲು ಬಂದವರ ಕೈಗೆಲ್ಲ ಚಿಕ್ಕಬೈರಪ್ಪನವರ ಹೆಂಡತಿ ಗಂಗರತ್ನಮ್ಮ ಪಾನಕದ ಲೋಟ ಕೊಡುತ್ತಿದ್ದರು.

“ಯಜಮಾನ್ರು ಬಿಚ್ಚಿಸ್ತೀನಿ ಅಂತಾರಲ್ಲಮ್ಮ?” ಎಂದು ಯಾರೋ ಕೆಣಕಿದರು.

“ಬೇಳೆ ನೆನೆ ಆಕಿ ಬೇಯಿಸಿ ಆಗೋಯ್ತು,” ಎಂದರು ಗಂಗರತ್ನಮ್ಮ. “ಬೆಂದ ಬೇಳೆನ ತಿರುಗಿ ಹೊಲಕ್ಕೆ ಬಿತ್ತೋಕಾಯ್ತದಾ? ಒಬ್ಬಟ್ಟೂ ಆಯ್ತದೆ, ಒಪ್ಪಿಗೆನೂ ಆಯ್ತದೆ. ನೀನು ಪಾನಕ ಕುಡಿ.”

ಚಪ್ಪರದ ನೆರಳಿನಲ್ಲಿ ಕುರ್ಚಿ ಹಾಕಿಕೊಂಡು ಮರಿಯಮ್ಮ ಕೂತಿದ್ದರು. ನಿವೃತ್ತ ಹೆಡ್ ಕಾನ್‌ಸ್ಟೇಬಲ್, ಈಗ ರಾಧಾಮಣಿಯ ಶಿಷ್ಯೆ. ಹೆಬ್ಬಾಳದಲ್ಲಿ ಒಂದು ಅಂಗೈ ತೋರಿಸಿ ಲಾರಿ ಬಸ್ಸುಗಳನ್ನೆಲ್ಲ ನಿಲ್ಲಿಸಿದ್ದ ಮರಿಯಮ್ಮನವರಿಗೆ ತಾವು ಕೂತ ಗಾಡಿ ಹೊರಡಿಸುವುದು ಮಾತ್ರ ಬರುತ್ತಿರಲಿಲ್ಲ. ಕ್ಲಚ್ ಬಿಟ್ಟ ಕೂಡಲೇ ಎಂಜಿನ್ ಕೆಮ್ಮಿ ಆಫ್ ಆಗುತ್ತಿತ್ತು. ಹಿಂದಿನವರು ಹಾರ್ನ್ ಹೊಡೆದರೆ ಇಳಿದು ಹೋಗಿ ಅವರ ಲೈಸೆನ್ಸ್ ಕೇಳುತ್ತಿದ್ದರು.

ಅವರ ಎದುರಿನ ಕುರ್ಚಿಯಲ್ಲಿ ಅಶ್ವತ್ಥ್. ಚಿಕ್ಕಬೈರಪ್ಪನವರ ತಂಗಿಯ ಮಗ, ಕಟ್ಟಡದ ಕಂಟ್ರಾಕ್ಟರ್. ಚೈತ್ರಳನ್ನು ತನಗೇ ಕೊಡುತ್ತಾರೆ ಎಂದು ಬಹಳ ವರ್ಷ ನಂಬಿದ್ದವನು. ನಂಬಿಕೆ ಹೋದರೂ ಬರುವುದನ್ನು ಬಿಟ್ಟಿರಲಿಲ್ಲ.

“ಬನ್ನಿ ಮೇಡಮ್, ಇದು ನೋಡಿ,” ಎಂದು ಅಶ್ವತ್ಥ್ ಫೋನ್ ಮುಂದೆ ಹಿಡಿದ. “ಒಬ್ಬ ಮನೆ ಗೋಡೆ ಪಕ್ಕ ಪೆಟ್ಟಿಗೆ ಹಿಡ್ಕೊಂಡು ನಿಲ್ತಾನೆ. ಇನ್ನೊಬ್ಬ ಕಾರ್ ಪಕ್ಕ. ಒಳಗಡೆ ಇರೋ ಕೀಲಿ ಸಿಗ್ನಲ್ ಹಿಡಿದು ಕಾರಿಗೆ ದಾಟಿಸ್ತಾರೆ. ಕಾರು ಯಜಮಾನನೇ ಬಂದ ಅಂದ್ಕೊಳ್ಳುತ್ತೆ. ಆಯ್ತು ಕಥೆ. ಇಂಥ ಪೆಟ್ಟಿಗೆ ಯಾರ ಹತ್ರ ಇರುತ್ತೆ? ಕೀಲಿ ಅಂಗಡಿ ಇಟ್ಟೋನ ಹತ್ರ.”

ವೇಣುಗೋಪಾಲ್ ಚಪ್ಪರದ ಕಂಬಕ್ಕೆ ಒರಗಿ ನಿಂತಿದ್ದ. ಎತ್ತರದ ಆಳು. ರಾಧಾಮಣಿಯೇ ಕರೆಸಿದ್ದಳು. ಒಳಗೆ ಬಾ ಎಂದು ಯಾರೂ ಹೇಳಿರಲಿಲ್ಲ. ಹೇಳದೆ ಅವನೂ ಹೊಸಿಲು ತುಳಿದಿರಲಿಲ್ಲ. ಮೆಟ್ಟಿಲ ಮೇಲೆ ಚೈತ್ರ ಹೂ ಕಟ್ಟುತ್ತ ಕೂತಿದ್ದಳು. ಕಟ್ಟುತ್ತಿದ್ದ ಮಾಲೆ ಯಾವಾಗಲೋ ಸಾಕಾಗುವಷ್ಟು ಉದ್ದವಾಗಿತ್ತು, ಆದರೂ ಕಟ್ಟುತ್ತಲೇ ಇದ್ದಳು.

“ಅಶ್ವತ್ಥ್ ಅವ್ರೆ, ನನ್ನ ಅಂಗಡೀಲಿರೋದು ಕೀಲಿ ಕಳ್ಕೊಂಡೋರಿಗೆ ಹೊಸದು ಮಾಡೋ ಮಷಿನ್ನು,” ಎಂದ ವೇಣು. “ಅದನ್ನ ಕಾರೊಳಗೆ ಕೂತು ಜೋಡಿಸ್ಬೇಕು. ಗಾಡಿ ಕಾಗದ ನೋಡ್ದೆ ನಾನು ಯಾರ ಬಾಗಿಲೂ ಮುಟ್ಟಲ್ಲ.”

“ಮತ್ತೆ ಮೊನ್ನೆ ಮಜ್ಜಿಗೆ ಬರೋ ಹೊತ್ತಿಗೆ ಎಲೆ ಬಿಟ್ಟು ಎದ್ಯಲ್ಲ ಗುರು? ಎಲ್ಲಿಗೆ?”

ವೇಣುವಿನ ಕಿವಿ ಕೆಂಪಾಯಿತು. “ಏನೋ ಕೆಲಸ ಇತ್ತು.”

“ಊಟ ನಡೀತಿರೋವಾಗ ಎದ್ದೋಗೋ ಅಂಥ ಕೆಲಸ ಏನಪ್ಪಾ?” ಎಂದರು ಮರಿಯಮ್ಮ. ಠಾಣೆಯ ದನಿ ಇನ್ನೂ ಹೋಗಿರಲಿಲ್ಲ.

ವೇಣು ನೆಲ ನೋಡಿದ. ಚೈತ್ರಳ ಬೆರಳಿನಲ್ಲಿ ದಾರ ನಿಂತಿತು.

“ಇವನು ಬಾಗಿಲು ತೆಗೆದುಕೊಟ್ಟ, ಇವನ ಕಡೆಯೋನು ಓಡಿಸ್ದ. ಅಷ್ಟೇ ಮಾವ,” ಎಂದು ಅಶ್ವತ್ಥ್ ಕಾಲ ಮೇಲೆ ಕಾಲು ಹಾಕಿದ.

ಓಡಿಸಿದವರು ವೇಣು ಅಲ್ಲ ಎಂಬುದಂತೂ ರಾಧಾಮಣಿಗೆ ಖಚಿತವಿತ್ತು. ನಾಗಸಂದ್ರದಲ್ಲಿ ಕಾರು ಹತ್ತಿದ ಚಿಕ್ಕಬೈರಪ್ಪನವರ ಮಂಡಿ ಸ್ಟೇರಿಂಗಿಗೆ ತಾಗಿ, ಅವರು ಬೈಯುತ್ತ ಸೀಟು ಹಿಂದಕ್ಕೆ ತಳ್ಳಿದ್ದನ್ನು ಅವಳೇ ನೋಡಿದ್ದಳು. ಕುಳ್ಳಗಿದ್ದವರು ಯಾರೋ ಮುಂದಕ್ಕೆ ಎಳೆದುಕೊಂಡಿದ್ದರು. ಆದರೆ ಬಾಗಿಲು ತೆರೆದವರು ಯಾರು ಎಂಬುದಕ್ಕೆ ಅದು ಉತ್ತರವಲ್ಲ.

“ಯಜಮಾನ್ರೆ,” ಎಂದಳು ರಾಧಾಮಣಿ, “ನಿಮ್ಮ ಜೇಬಿನ ಕೀಲಿ ತಗೊಂಡು ಆ ನೀರಿನ ಟ್ಯಾಂಕ್ ಹತ್ರ ಹೋಗಿ ನಿಲ್ತೀರಾ? ಅಶ್ವತ್ಥ್ ನಿಮ್ಮ ಜೊತೆ ಬರ್ಲಿ, ಪೆಟ್ಟಿಗೆ ಗಿಟ್ಟಿಗೆ ಯಾರಾದ್ರೂ ಹಿಡಿದಿದ್ದಾರಾ ಅಂತ ಕಾವಲಿಗೆ.”

“ಅಷ್ಟು ದೂರನಾ?”

“ಅಷ್ಟು ದೂರ ಹೋದ್ರೆ ಕೀಲಿಗೂ ಕಾರಿಗೂ ಮಾತುಕತೆ ಇರಲ್ಲ.”

ಚಿಕ್ಕಬೈರಪ್ಪ ಟವಲ್ ಹೆಗಲಿಗೆ ಹಾಕಿ ಹೊರಟರು. ಪಾನಕದ ಲೋಟ ಹಿಡಿದ ಅರ್ಧ ಬೀದಿ ಅವರ ಹಿಂದೆ ಹೊರಟಿತು. ಟ್ಯಾಂಕಿನ ಕೆಳಗೆ ನಿಂತು ಅವರು ಟವಲ್ ಬೀಸಿದರು. ಇಲ್ಲಿಂದ ಅವರು ಹೆಬ್ಬೆರಳಷ್ಟು ಕಾಣುತ್ತಿದ್ದರು.

“ಮರಿಯಮ್ಮನೋರೆ, ಹೋಗಿ ಕಾರಲ್ಲಿ ಕೂತ್ಕೊಳ್ಳಿ.”

“ನಾನಾ? ರಾಧಾ, ನನ್ನ ಕೈಲಿ ನಿನ್ನ ಹಳೇ ಗಾಡಿನೇ ಆಗಲ್ಲ. ಇದು ಬೀಗ ಹಾಕಿರೋ ಗಾಡಿ. ಈಗ ತಾನೇ ನಮಸ್ಕಾರ ಬೇರೆ ಹೇಳ್ತು.”

“ಹೋಗಿ. ಬಾಗಿಲು ಎಳೀರಿ.”

ಮರಿಯಮ್ಮ ಸೆರಗು ಸಿಕ್ಕಿಸಿಕೊಂಡು ಹೋಗಿ, ಬಿಸಿ ಬಾಣಲೆ ಮುಟ್ಟುವವರಂತೆ ಬೆರಳ ತುದಿಯಿಂದ ಬಾಗಿಲ ಹಿಡಿ ಎಳೆದರು.

ಬಾಗಿಲು ತೆರೆಯಿತು.

ಚೈತ್ರ ಎದ್ದು ನಿಂತಳು. ಮಡಿಲಿನ ಹೂವೆಲ್ಲ ಮೆಟ್ಟಿಲ ಮೇಲೆ ಚೆಲ್ಲಿತು.

“ಈಗ ಬ್ರೇಕ್ ತುಳಿದು ಗುಂಡಿ ಒತ್ತಿ.”

“ಕ್ಲಚ್ಚು ಎಲ್ಲಿ ರಾಧಾ? ಕ್ಲಚ್ಚೇ ಇಲ್ವಲ್ಲ!”

“ಇದ್ರಲ್ಲಿ ಇರಲ್ಲ. ಒತ್ತಿ.”

ಮರಿಯಮ್ಮ ಕಣ್ಣು ಮುಚ್ಚಿ, ಎದೆ ಮೇಲೆ ಶಿಲುಬೆ ಗುರುತು ಮಾಡಿ, ಗುಂಡಿ ಒತ್ತಿದರು. ಎಂಜಿನ್ ಬೆಕ್ಕಿನ ಹಾಗೆ ಮೆತ್ತಗೆ ಗುರುಗುಟ್ಟಿತು. ರಾಧಾಮಣಿ ಹೇಳಿದಂತೆ ಅವರು ಗೇರ್ ಹಿಡಿ ಎಳೆದು ಬ್ರೇಕಿನಿಂದ ಕಾಲು ತೆಗೆದರು. ಕಾರು ಹೊರಟಿತು. ಕೆಮ್ಮಲಿಲ್ಲ, ಆಫ್ ಆಗಲಿಲ್ಲ. ನಿಲ್ಲಿಸಿ ಎಂದು ರಾಧಾಮಣಿ ಕೂಗುವಷ್ಟರಲ್ಲಿ ಮರಿಯಮ್ಮ ಚಪ್ಪರ ದಾಟಿ, ಸೊಪ್ಪಿನ ಗಾಡಿ ದಾಟಿ, ಬೀದಿಯ ಉದ್ದಕ್ಕೂ ತೇರಿನಂತೆ ಸಾಗಿ ನೀರಿನ ಟ್ಯಾಂಕಿನ ಕೆಳಗೆ, ಕಾರಿನ ಯಜಮಾನನ ಮುಂದೆಯೇ ನಿಲ್ಲಿಸಿದರು.

ಕಿಟಕಿ ಇಳಿಯಿತು.

“ಆಫ್ ಆಗ್ಲೇ ಇಲ್ಲ ಕಣ್ರೀ!” ಎಂದು ಅವರು ಕೂಗಿದ್ದು ಚಪ್ಪರದವರೆಗೂ ಕೇಳಿತು. “ಹತ್ತಿ ಯಜಮಾನ್ರೆ, ಡ್ರಾಪ್ ಕೊಡ್ತೀನಿ!”

ಬೀದಿ ಬಿದ್ದು ಬಿದ್ದು ನಕ್ಕಿತು. ಪಾನಕ ಕುಡಿಯುತ್ತಿದ್ದವರ ಮೂಗಿಗೆ ಪಾನಕ ಹತ್ತಿತು. ಚಿಕ್ಕಬೈರಪ್ಪ ಮಾತ್ರ ನಗಲಿಲ್ಲ. ಕೀಲಿಯನ್ನು ಮುಷ್ಟಿಯಲ್ಲಿ ಹಿಡಿದು, ಪಕ್ಕದ ಸೀಟಿನಲ್ಲಿ ಕೂತು, ತಮ್ಮ ಕಾರಿನಲ್ಲಿ ತಾವೇ ನೆಂಟರಂತೆ ಮನೆಗೆ ಬಂದರು.

“ಏನವ್ವ ಇದು?” ಎಂದರು ಇಳಿಯುತ್ತ. ದನಿ ಸಣ್ಣದಾಗಿತ್ತು. “ನಾನು ಬೀಗ ಆಕಿದ್ದೆ. ನೀನೇ ನೋಡ್ದೆ.”

“ನೀವು ಗುಂಡಿ ಒತ್ತಿದ್ರಿ ಯಜಮಾನ್ರೆ. ಬೀಗ ಬೀಳಲಿಲ್ಲ. ಅದು ಕೂಗಿದ್ದು ನಮಸ್ಕಾರ ಅಲ್ಲ.”

“ಮತ್ತೆ?”

“ಒಳಗೆ ಇನ್ನೊಂದು ಕೀಲಿ ಇದೆ, ನಾನು ಬೀಗ ಹಾಕಲ್ಲ ಅಂತ ಕೂಗಿದ್ದು. ತಂದ ದಿನದಿಂದ ದಿನಾ ಹೇಳ್ತಾನೇ ಇದೆ. ನೀವು ಕೈ ಮುಗಿದು ಒಳಗೆ ಹೋಗ್ತಿದ್ರಿ.”

ವೇಣು ಫಕ್ಕನೆ ನಕ್ಕುಬಿಟ್ಟ. ನಕ್ಕ ಮೇಲೆ ಭಾವಿ ಮಾವನ ಮುಖ ನೋಡಿ ಕೈಯಿಂದ ಬಾಯಿ ಮುಚ್ಚಿಕೊಂಡ.

“ಸುಳ್ಳು!” ಎಂದರು ಚಿಕ್ಕಬೈರಪ್ಪ. “ಎರಡನೇ ಕೀಲಿ ಬೀರುನಾಗೈತೆ. ಮೊನ್ನೆನೂ ಡಬ್ಬಿ ತೆಗೆದು ಅಲ್ಲಾಡಿಸಿ ನೋಡ್ದೆ. ಸದ್ದು ಬಂತು.”

“ಅಲ್ಲಾಡಿಸಿದ್ರಿ. ಮುಚ್ಚಳ ತೆಗೆದ್ರಾ?”

“ಇಟ್ಟೋನೇ ನಾನು, ತೆಗೆದು ಯಾಕೆ ನೋಡ್ಲಿ?”

“ತರ್ತೀರಾ?”

ಡಬ್ಬಿ ಬಂತು. ಕಾರಿನೊಂದಿಗೆ ಕೊಟ್ಟಿದ್ದ ನಯವಾದ ಕಪ್ಪು ಡಬ್ಬಿ. ಚಿಕ್ಕಬೈರಪ್ಪ ಅದನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ, ಕೇಳಿದ್ರಾ ಎಂಬಂತೆ ಎಲ್ಲರನ್ನೂ ನೋಡಿ, ಮುಚ್ಚಳ ತೆಗೆದರು.

ಒಳಗೆ ಒಂದು ಅಡಿಕೆ, ಒಂದು ಅರಿಶಿನದ ಕೊಂಬು.

ಮುಂಬಾಗಿಲಲ್ಲಿ ಲಟ್ಟಣಿಗೆ ಹಿಡಿದು ನಿಂತಿದ್ದ ಗಂಗರತ್ನಮ್ಮ ಮೆಲ್ಲಗೆ ಹಿಂದೆ ಸರಿಯತೊಡಗಿದರು.

“ಎಲ್ಲಿಗೆ ಹೊರಟೆ?” ಎಂದರು ಚಿಕ್ಕಬೈರಪ್ಪ.

“ಒಬ್ಬಟ್ಟು ಸೀದೋಯ್ತದೆ.”

“ಸೀಯಲಿ. ಇದೇನು ಅಡಿಕೆ?”

“ಕಾಲಿ ಡಬ್ಬಿ ಬೀರುನಾಗೆ ಇಡಬಾರ್ದು ಅಂತ ಇಟ್ಟೆ. ಮನೆಗೆ ಒಳ್ಳೇದಲ್ಲ.”

“ಕೀಲಿ ಏನಾಯ್ತು?”

ಗಂಗರತ್ನಮ್ಮ ಸೆರಗಿನಿಂದ ಮುಖ ಒರೆಸಿಕೊಂಡು ಮುಂದೆ ಬಂದರು. ಮುಖದಲ್ಲಿ ತಪ್ಪು ಮಾಡಿದವರ ಕಳೆ ಇರಲಿಲ್ಲ; ನ್ಯಾಯ ಕೇಳುವವರ ಕಳೆ ಇತ್ತು.

“ನಮ್ಮತ್ತೆ ಕಾಲದಿಂದ ಏನು ನಡೆಸ್ಕಂಡು ಬಂದಿದೀವಿ? ರಾಗಿ ಕಣದಲ್ಲಿ ಮೊದಲ ಮೊರ ಯಾರಿಗೆ? ಬೈರದೇವರಿಗೆ. ಹಸು ಕರು ಹಾಕಿದ್ರೆ ಮೊದಲ ಹಾಲು? ಬೈರದೇವರಿಗೆ. ಈಗ ಹೊಲನೂ ಇಲ್ಲ, ಹಸುನೂ ಇಲ್ಲ, ಕಾರು ಬಂತು. ಎರಡು ಕೀಲಿ ಕೊಟ್ಟರು. ಎರಡೂ ನಮ್ಮೆಜಮಾನ್ರೇ ಇಟ್ಕಂಡ್ರೆ ದೇವರಿಗೇನು? ಅದಕ್ಕೇ ಒಂದನ್ನ ಮುಡಿಪು ಕಟ್ಟಿದೆ. ಜಾತ್ರೆ ಬಂದಾಗ ಒಪ್ಪಿಸೋಣ ಅಂತ.”

“ಕಟ್ಟಿ ಎಲ್ಲಿಟ್ಟೆ?”

“ಗಾಡಿ ಮುಡಿಪು ಗಾಡಿನಾಗೇ ಇರಬೇಕಲ್ಲ.”

ರಾಧಾಮಣಿ ಮಂಡಿಯೂರಿ ಡ್ರೈವರ್ ಸೀಟಿನ ಕೆಳಗೆ ಕೈ ಹಾಕಿದಳು. ಕಂಬಿಗೆ ಬಿಗಿದು ಕಟ್ಟಿದ್ದ ಹಳದಿ ಬಟ್ಟೆಯ ಪುಟ್ಟ ಗಂಟು ಕೈಗೆ ಬಂತು. ಬಿಚ್ಚಿದಳು. ಕುಂಕುಮ, ಅಕ್ಷತೆ, ಒಂದು ನಾಣ್ಯ. ಅವುಗಳ ನಡುವೆ, ಅರಿಶಿನ ಮೆತ್ತಿಕೊಂಡು ಮದುಮಗನಂತೆ ಮಲಗಿದ್ದ ಎರಡನೇ ಕೀಲಿ.

“ಇದು ಒಳಗಿದ್ದಷ್ಟು ದಿನ,” ಎಂದಳು ರಾಧಾಮಣಿ, “ಈ ಕಾರಿಗೆ ಬೀಗ ಅನ್ನೋದೇ ಇರಲಿಲ್ಲ. ಯಾರು ಬಂದು ಬಾಗಿಲು ಎಳೆದ್ರೂ ತೆರೀತಿತ್ತು. ಯಾರು ಗುಂಡಿ ಒತ್ತಿದ್ರೂ ಹೊರಡ್ತಿತ್ತು. ಪೆಟ್ಟಿಗೆ, ಮಷಿನ್ನು ಏನೂ ಬೇಕಿರಲಿಲ್ಲ. ಕೀಲಿ ವಿದ್ಯೆ ಗೊತ್ತಿರೋನೂ ಬೇಕಿರಲಿಲ್ಲ.”

ಟ್ಯಾಂಕಿನಿಂದ ಮರಳಿ ಮತ್ತೆ ಕುರ್ಚಿ ಹಿಡಿದಿದ್ದ ಅಶ್ವತ್ಥ್ ಕಾಲ ಮೇಲಿನ ಕಾಲು ಇಳಿಸಿದ. ಫೋನಿನ ವಿಡಿಯೋ ಇನ್ನೂ ಓಡುತ್ತಿತ್ತು, ಅದನ್ನು ಆರಿಸಿದ.

ಚಿಕ್ಕಬೈರಪ್ಪ ಕೀಲಿ ನೋಡಿದರು, ಹೆಂಡತಿಯನ್ನು ನೋಡಿದರು, ಕಾರು ನೋಡಿದರು. ಅವರ ಹೊಟ್ಟೆ ಮೊದಲು ಕುಲುಕಿತು, ಆಮೇಲೆ ಹೆಗಲು. ನಗು ಅವರ ಗಂಟಲಿಗೆ ಬಂದಾಗ ಚಪ್ಪರದ ಮೇಲಿದ್ದ ಕಾಗೆಗಳು ಹಾರಿಹೋದವು.

“ಬೀಗವೇ ಇಲ್ಲದ ಮನೆಗೆ ಬೀಗ ಮುರಿಯೋನು ಯಾಕೆ ಬೇಕು!” ಎಂದರು, ಕಣ್ಣೊರೆಸಿಕೊಳ್ಳುತ್ತ. “ಏ ವೇಣು, ಅಲ್ಲೇನು ಕಂಬ ಹಿಡ್ಕಂಡು ನಿಂತಿದೀಯ? ನೀನು ಬಿಟ್ರೆ ಚಪ್ಪರ ಬಿದ್ದೋಯ್ತದಾ? ಬಾ ಇತ್ಲಾಗೆ. ಎರಡು ದಿನದಿಂದ ನಿನ್ನ ಬಾಯಿಗೆ ಬಂದಂಗೆ ಬೈದೆ ಕಣಪ್ಪ. ಮನಸಿನಾಗೆ ಇಟ್ಕಬೇಡ.”

ವೇಣು ಬಂದ. ಚಿಕ್ಕಬೈರಪ್ಪ ಅವನ ಹೆಗಲ ಮೇಲೆ ಕೈ ಹಾಕಿ, ತಟ್ಟೆಯಿಂದ ಬಿಸಿ ಒಬ್ಬಟ್ಟು ಮುರಿದು, ತುಪ್ಪ ಸುರಿಯುತ್ತಿದ್ದಂತೆಯೇ ಅವನ ಬಾಯಿಗೆ ತುರುಕಿದರು. ಬಾಯಿ ಸುಟ್ಟರೂ ಅವನು ಉಗುಳಲಿಲ್ಲ. ಚೈತ್ರ ಚೆಲ್ಲಿದ ಹೂವನ್ನು ಆರಿಸುತ್ತ ತಲೆಯೆತ್ತದೆ ನಗುತ್ತಿದ್ದಳು. ಸಂತೋಷ ಬಂದ ಮನೆಯಲ್ಲಿ ಪಾತ್ರೆಗಳ ಸದ್ದೇ ಬೇರೆ. ಹಿತ್ತಲಲ್ಲಿ ಲಟ್ಟಣಿಗೆ, ಹಂಚು, ಸೌಟು ಎಲ್ಲ ಒಟ್ಟಿಗೆ ಮಾತಾಡತೊಡಗಿದವು.

“ನಾಳೆ ಒಪ್ಪಿಗೆ!” ಎಂದು ಚಿಕ್ಕಬೈರಪ್ಪ ಬೀದಿಗೆಲ್ಲ ಸಾರಿದರು. “ಕಾರು ತಗಂಡೋದೋನು ಯಾರಾದ್ರೂ ಆಗ್ಲಿ, ಊಟಕ್ಕೆ ಬರ್ಲಿ!”

ಗಂಗರತ್ನಮ್ಮ ರಾಧಾಮಣಿಯ ಕೈಯಿಂದ ಮುಡಿಪನ್ನು ತೆಗೆದುಕೊಂಡರು. “ಬಿಚ್ಚಿದ ಮುಡಿಪು ಹಂಗೇ ಇಡಬಾರ್ದು ಕಣವ್ವ. ದೇವರ ಮುಂದಿಟ್ಟು ದೀಪ ಹಚ್ಚಿ ಬರ್ತೀನಿ,” ಎಂದು ಒಳಗೆ ಹೋದರು. ಚೈತ್ರ ಅಪ್ಪನ ಕೈಯಿಂದ ಮೊದಲ ಕೀಲಿಯನ್ನು ತೆಗೆದುಕೊಂಡು, ಕಾರಿನ ಹಿಡಿಯ ಗುಂಡಿ ಒತ್ತಿದಳು. ಈ ಸಲ ಕೂಗಲಿಲ್ಲ. ಟಪ್ ಎಂದು ಬೀಗ ಬಿತ್ತು. ಕನ್ನಡಿಗಳು ಕಿವಿಯಂತೆ ಮಡಚಿಕೊಂಡವು. ಜನ ಚಪ್ಪಾಳೆ ತಟ್ಟಿದರು.

ಚೈತ್ರ ಕೀಲಿಯನ್ನು ಅಪ್ಪನಿಗೆ ಹಿಂದಕ್ಕೆ ಕೊಡುತ್ತಿದ್ದಳು.

ಆಗ ಕಾರು ಎದ್ದಿತು.

ದೀಪಗಳು ಮಿನುಗಿದವು. ಎಂಜಿನ್ ಗುರುಗುಟ್ಟಿತು. ಒಳಗೆ ಯಾರೂ ಇರಲಿಲ್ಲ. ಬಾಗಿಲುಗಳೆಲ್ಲ ಹಾಕಿದಂತೆಯೇ ಇದ್ದವು.

“ಯೇಸಪ್ಪಾ!” ಎಂದು ಮರಿಯಮ್ಮ ಕುರ್ಚಿಯಿಂದ ಎದ್ದರು.

“ನಾನು ಏನೂ ಒತ್ತಿಲ್ಲ,” ಎಂದರು ಚಿಕ್ಕಬೈರಪ್ಪ, ಕೀಲಿಯನ್ನು ಕೆಂಡದಂತೆ ದೂರ ಹಿಡಿದು. “ನೋಡಿ, ಬೆರಳೂ ಇಟ್ಟಿಲ್ಲ!”

ರಾಧಾಮಣಿ ವೇಣುವಿನತ್ತ ತಿರುಗಿದಳು. ಈ ಪ್ರಶ್ನೆಗೆ ಉತ್ತರ ಬಲ್ಲವನು ಅಲ್ಲಿ ಅವನೊಬ್ಬನೇ. ಅವನು ಬಾಯಲ್ಲಿದ್ದ ಒಬ್ಬಟ್ಟನ್ನು ನುಂಗುವುದನ್ನು ಮರೆತು ನಿಂತಿದ್ದ.

“ಫೋನಿಂದ,” ಎಂದ ಕೊನೆಗೆ. “ಈ ಕಾರಿಗೆ ಫೋನಲ್ಲಿ ಒಂದು ಆ್ಯಪ್ ಬರುತ್ತೆ ಮೇಡಮ್. ಹತ್ರ ಇರ್ಬೇಕು ಅಂತಿಲ್ಲ. ಎಲ್ಲಿಂದ ಬೇಕಾದ್ರೂ ಸ್ಟಾರ್ಟ್ ಮಾಡಬಹುದು, ಬಾಗಿಲು ತೆಗೀಬಹುದು. ಕಾರು ಎಲ್ಲಿದೆ ಅಂತಾನೂ ತೋರಿಸುತ್ತೆ.”

“ಯಾರ ಫೋನಿಂದ?”

“ಕಾರು ಕೊಡೋವಾಗ ಷೋರೂಮಿನಲ್ಲಿ ಒಂದು ನಂಬರ್ ಬರ್ಕೊಳ್ತಾರೆ. ಆ ನಂಬರಿನ ಫೋನಿಂದ.”

“ನಂದು ಗುಂಡಿ ಫೋನು,” ಎಂದರು ಚಿಕ್ಕಬೈರಪ್ಪ. “ಅವತ್ತು ಕೇಳಿದ್ರು. ದೊಡ್ಡ ಫೋನಿನ ನಂಬರ್ರೇ ಬೇಕು ಅಂದ್ರು. ಚೈತ್ರಾ, ನಿಂದು ಕೊಡು ಮಗ ಅಂದಿದ್ದೆ.”

ಎಲ್ಲರೂ ಚೈತ್ರಳನ್ನು ನೋಡಿದರು. ಅವಳ ಮುಖದ ನಗು ಇನ್ನೂ ಪೂರ್ತಿ ಹೋಗಿರಲಿಲ್ಲ. ಎಲ್ಲಿ ಹೋಗಬೇಕೆಂದು ತಿಳಿಯದೆ ತುಟಿಯ ಮೇಲೇ ನಿಂತಿತ್ತು.

“ಅಪ್ಪಾ,” ಎಂದಳು. “ನಾನು ಕೊಟ್ಟಿದ್ದು ನನ್ನ ನಂಬರ್ ಅಲ್ಲ.”

“ಮತ್ತೆ?”

“ಇವ್ರದ್ದು. ಹೆಂಗಿದ್ರೂ ನಮ್ಮ ಮನೆಯೋರೇ ಆಗ್ತಾರಲ್ಲ... ಕಾರಿನ ವಿಷಯ ಇವ್ರಿಗೇ ಚೆನ್ನಾಗಿ ಗೊತ್ತಲ್ಲ ಅಂತ.”

ವೇಣುವಿನ ಹೆಗಲ ಮೇಲೆ ಚಿಕ್ಕಬೈರಪ್ಪನವರ ಕೈ ಇನ್ನೂ ಇತ್ತು. ಅವರು ಅದನ್ನು ತೆಗೆಯಲಿಲ್ಲ. ಆದರೆ ಕೈಯ ಭಾರ ಬದಲಾಗಿತ್ತು.

“ನಿನಗೆ ಗೊತ್ತಿತ್ತಾ?” ಎಂದರು.

“ಗೊತ್ತಿತ್ತು ಮಾವ.”

“ಎರಡು ದಿನದಿಂದ ನಾನು ಕೇಳ್ತಾ ಇದೀನಿ, ಗಾಡಿ ತೆಗೆಯಕ್ಕೆ ನಿನ್ನ ಹತ್ರ ಏನಾದ್ರೂ ದಾರಿ ಐತಾ ಅಂತ. ಇಲ್ಲ ಅಂದೆ.”

“ಅದು... ಆಗ ನನ್ನ ಹತ್ರ ಇರಲಿಲ್ಲ.”

“ಫೋನ್ ತೋರಿಸಿ ವೇಣು,” ಎಂದಳು ರಾಧಾಮಣಿ.

ವೇಣು ಜೇಬಿನಿಂದ ತೆಗೆದದ್ದು ಅಂಗಡಿಯ ಹಳೆಯ ಫೋನು. “ನನ್ನ ಫೋನ್ ಮೊನ್ನೆ ಇಲ್ಲೇ ಕಳೆದೋಯ್ತು ಮೇಡಮ್. ಊಟಕ್ಕೆ ಕೂರೋ ಮುಂಚೆ ನಡುಮನೆ ಕಿಟಕಿ ಮೇಲೆ ಇಟ್ಟಿದ್ದೆ. ಮಜ್ಜಿಗೆ ಬರೋ ಹೊತ್ತಿಗೆ ನೋಡಿದ್ರೆ ಇರಲಿಲ್ಲ. ಅದನ್ನ ಹುಡುಕೋಕೇ ಎಲೆ ಬಿಟ್ಟು ಎದ್ದಿದ್ದು. ಆಚೆ ಬಂದು ನೋಡಿದ್ರೆ ಕಾರೂ ಇರಲಿಲ್ಲ. ಆಮೇಲೆ ಬಾಯಿ ಬಿಟ್ಟಿದ್ರೆ ಯಾರು ನಂಬ್ತಿದ್ರು ಹೇಳಿ?”

“ಆ ಫೋನಿಗೆ ಲಾಕ್ ಇರಲಿಲ್ವಾ?”

ವೇಣು ತಲೆ ತಗ್ಗಿಸಿದ. “ಹಾಕೋ ಅಭ್ಯಾಸ ಇಲ್ಲ.”

“ಊರಿಗೆಲ್ಲ ಕೀಲಿ ಮಾಡ್ತೀಯಲ್ಲೋ ಮಾರಾಯ!” ಎಂದರು ಮರಿಯಮ್ಮ.

ಯಾರಿಗೂ ನಗು ಬರಲಿಲ್ಲ. ಮಾವನ ಕೈ ಈಗ ಹೆಗಲಿನಿಂದ ಇಳಿದಿತ್ತು. ಎಲ್ಲವೂ ಒಂದು ಮಾತಿನ ಮೇಲೆ ನಿಂತಿತ್ತು. ಫೋನು ನಿಜವಾಗಿ ಕಳೆದಿದೆಯೇ, ಅಥವಾ ಇದು ವೇಣು ಹೂಡಿದ ಕಥೆಯೇ?

“ಕಳೆದ ಮೇಲೆ ಅದಕ್ಕೆ ಫೋನ್ ಮಾಡಿದ್ರಾ?” ಎಂದಳು ರಾಧಾಮಣಿ.

“ಎಷ್ಟೋ ಸಲ. ಸ್ವಿಚ್ ಆಫ್ ಅಂತ ಬರುತ್ತೆ.”

“ಈಗ ಬರಲ್ಲ. ಈಗ ತಾನೇ ಅದು ಒಂದು ಕಾರು ಸ್ಟಾರ್ಟ್ ಮಾಡಿದೆ.”

ಮಾತು ಮುಗಿಯುವ ಮೊದಲೇ ಮರಿಯಮ್ಮ ತಮ್ಮ ಫೋನ್ ತೆಗೆದಿದ್ದರು. ವೇಣು ನಂಬರ್ ಹೇಳಿದ. ಮರಿಯಮ್ಮ ಒತ್ತಿದರು. ಚಪ್ಪರದ ಕೆಳಗಿದ್ದವರೆಲ್ಲ ಅವರ ಫೋನಿನತ್ತ ಬಾಗಿದರು. ಅಶ್ವತ್ಥ್ ಕೂಡ ಕುರ್ಚಿಯ ಅಂಚಿಗೆ ಬಂದು ಕೂತಿದ್ದ.

ರಿಂಗ್ ಆಯಿತು.

ಬೀದಿಯಿಂದಲ್ಲ, ಚಪ್ಪರದಿಂದಲ್ಲ, ಯಾರ ಜೇಬಿನಿಂದಲೂ ಅಲ್ಲ. ಮನೆಯೊಳಗಿನಿಂದ, ನಡುಮನೆ ದಾಟಿ, ಬಾಗಿಲು ಮುಂದೆ ಮಾಡಿದ್ದ ದೇವರ ಮನೆಯಿಂದ ಸಣ್ಣಗೆ, ಸ್ಪಷ್ಟವಾಗಿ ಕೇಳಿತು.

“ಗಂಗೂ?” ಎಂದು ಚಿಕ್ಕಬೈರಪ್ಪ ಕರೆದರು.

ರಿಂಗ್ ಮತ್ತೊಮ್ಮೆ ಆಗುವುದರೊಳಗೆ, ದೇವರ ಮನೆಯಲ್ಲಿ ದೀಪ ಹಚ್ಚಲು ಹೋಗಿದ್ದ ಕೈ ಅದನ್ನು ನಿಲ್ಲಿಸಿತು.